ನಾಸಿಕ್ ಹುಡುಗರ ಕೈಬರಹ

ಗುಲಾಮರ ಹಡಗಿನಿಂದ ಬಿಡಿಸಿ ತಂದ ಆಫ್ರಿಕಾದ ಮಕ್ಕಳು ಕಲ್ಯಾಣದಾಚೆಯ ನಾಸಿಕ್‌ನಲ್ಲಿ ಅಕ್ಷರ ಕಲಿತರು. ಶತಮಾನ ಕಳೆದ ಮೇಲೆ ಉತ್ತರ ಕನ್ನಡದ ಯಲ್ಲಾಪುರ, ಮುಂಡಗೋಡದ ಆಫ್ರಿಕನ್ ಮೂಲದ ಸಿದ್ದಿ ಹುಡುಗರನ್ನು ಸರ್ಕಾರ ಓಡಿಸಿ ನೋಡಿ ಆರಿಸಿಕೊಂಡಿತು. ಕಪ್ಪು ಹುಡುಗ ಶಾಲೆಯ ಬಾಗಿಲಿಗೆ ಬಂದರೆ ಮೊದಲು ನೋಡುವುದು ಅವನ ಪಾಟಿಯನ್ನೋ, ಕಾಲನ್ನೋ?

1864ರ ಜೂನ್ 13. ಮುಂಬಯಿ ಬಂದರಿನಲ್ಲಿ ಮಂಜು. ಹತ್ತಿ ಹೇರಿಕೊಳ್ಳಲು ಸಾಲುಗಟ್ಟಿದ್ದ ದೊಡ್ಡ ಹಡಗುಗಳ ನಡುವೆ ಒಂದು ಪುಟ್ಟ ಉಗಿನೌಕೆ ನುಸುಳಿಕೊಂಡು ಒಳಬಂತು. ಅದು ಬಂದದ್ದನ್ನು ಯಾರೂ ಗಮನಿಸಲಿಲ್ಲ, ಅಷ್ಟು ಚಿಕ್ಕದು. ಹೆಸರು ‘ಲೇಡಿ ನ್ಯಾಸಾ’. ಜಾಂಜಿಬಾರ್ ಬಿಟ್ಟು ಒಂದೂವರೆ ತಿಂಗಳಾಗಿತ್ತು. ಮುಂಗಾರು ಮುರಿದು ಬೀಳುವ ಮುನ್ನ ದಡ ಸೇರಿದ್ದೇ ಪುಣ್ಯ.

ನೌಕೆ ನಡೆಸಿಕೊಂಡು ಬಂದವನು ಡೇವಿಡ್ ಲಿವಿಂಗ್‌ಸ್ಟನ್, ಆಫ್ರಿಕಾದ ಒಳನಾಡು ಅಳೆದು ಹೆಸರಾದ ಸ್ಕಾಟಿಷ್ ಮಿಶನರಿ. ಜೊತೆಗೆ ಮೂವರು ಬಿಳಿಯರು, ಅದುವರೆಗೆ ಸಮುದ್ರವನ್ನೇ ಕಾಣದಿದ್ದ ಜಾಂಬೆಜಿ ನದಿ ತೀರದ ಕೆಲವು ಆಳುಗಳು. ಮತ್ತೆ ಇಬ್ಬರು ಹುಡುಗರು: ಚುಮಾ ಮತ್ತು ವಿಕಟಾನಿ.

ಮೂರು ವರ್ಷದ ಹಿಂದೆ, 1861ರಲ್ಲಿ, ಗುಲಾಮರ ವ್ಯಾಪಾರಿಗಳು ಕುತ್ತಿಗೆಗೆ ಕವಲುಗೋಲು ಸಿಕ್ಕಿಸಿ ಸಾಲಾಗಿ ಒಯ್ಯುತ್ತಿದ್ದ ಗುಂಪಿನಿಂದ ಬಿಡಿಸಲ್ಪಟ್ಟ ಮಕ್ಕಳವು. ಚುಮಾನಿಗೆ ಈಗ ಹದಿಮೂರೋ ಹದಿನಾಲ್ಕೋ. ಲಿವಿಂಗ್‌ಸ್ಟನ್ ಇಬ್ಬರನ್ನೂ ಕರೆದೊಯ್ದು ಡಾ. ಜಾನ್ ವಿಲ್ಸನ್ ಅವರ ಶಾಲೆಗೆ ಸೇರಿಸಿದ. ಇಂದು ಗಿರಗಾಂವ್ ಚೌಪಾಟಿಯೆದುರು ನಿಂತಿರುವ ವಿಲ್ಸನ್ ಕಾಲೇಜಿನ ಮೂಲ ಆ ಶಾಲೆಯಲ್ಲೇ ಇದೆ.

ಆ ವರ್ಷ ಮುಂಬಯಿಯಲ್ಲಿ ದುಡ್ಡಿನ ಹೊಳೆ. ಅಮೆರಿಕದಲ್ಲಿ ಅಂತರ್ಯುದ್ಧ ನಡೆದಿತ್ತು. ಅಲ್ಲಿನ ದಕ್ಷಿಣ ರಾಜ್ಯಗಳ ಹತ್ತಿ ಲಿವರ್‌ಪೂಲ್ ಮುಟ್ಟುವುದು ನಿಂತು, ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂದಿತ್ತು. ಕಪ್ಪು ಜನರ ಗುಲಾಮಗಿರಿ ಇರಬೇಕೋ ಬೇಡವೋ ಎಂಬ ಆ ಯುದ್ಧದಿಂದ ಈ ಊರು ಗಳಿಸಿಕೊಳ್ಳುತ್ತಿದ್ದಾಗಲೇ, ಗುಲಾಮಗಿರಿಯಿಂದ ಪಾರಾದ ಇಬ್ಬರು ಹುಡುಗರು ಇದರ ಧಕ್ಕೆಯಲ್ಲಿ ಇಳಿದರು. ಅವರಿಗೆ ಶಾಲೆ ಶುರುವಾದದ್ದೂ ಮಳೆಗಾಲದಲ್ಲೇ.

ನಮ್ಮ ಮುಂಬಯಿ ಕಡೆ ಇಂದಿಗೂ ಶಾಲೆ ಶುರುವಾಗುವುದು ಜೂನ್ ಮಧ್ಯಕ್ಕೆ. ಡೊಂಬಿವಲಿ ಸ್ಟೇಷನ್ನಿನ ಹೊರಗೆ ರೇನ್‌ಕೋಟು, ಹೊಸ ಬ್ಯಾಗು, ಕಂದು ಕಾಗದದ ಸುರುಳಿ ಮಾರುವವರ ಗಲಾಟೆ. ಆ ಗಲಾಟೆಯಲ್ಲಿ ಚುಮಾನ ನೆನಪು ಯಾರಿಗೂ ಬರುವುದಿಲ್ಲ. ಬರಬೇಕಿತ್ತು ಎಂಬುದು ನನ್ನ ತಕರಾರು.

ಶರಣಪುರದ ಶಾಲೆ

ಚುಮಾ, ವಿಕಟಾನಿ ಒಂಟಿಯಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಬ್ರಿಟಿಷ್ ನೌಕಾಪಡೆ ಹಿಂದೂ ಮಹಾಸಾಗರದಲ್ಲಿ ಗುಲಾಮರನ್ನು ಸಾಗಿಸುವ ಹಾಯಿಹಡಗುಗಳನ್ನು ಬೆನ್ನಟ್ಟಿ ಹಿಡಿಯುತ್ತಿತ್ತು. ಹಿಡಿದ ಮೇಲೆ ಒಳಗಿದ್ದ ಮಕ್ಕಳನ್ನು ಏನು ಮಾಡುವುದು? ಊರು ಯಾವುದೆಂದು ಅವರಿಗೇ ಗೊತ್ತಿಲ್ಲ. ಗೊತ್ತಿದ್ದರೂ ವಾಪಸು ಬಿಟ್ಟರೆ ಮತ್ತೆ ಹಿಡಿದು ಮಾರುತ್ತಾರೆ. ಹಾಗಾಗಿ ಬಹಳಷ್ಟು ಮಕ್ಕಳು ಮುಂಬಯಿಗೆ ಬಂದರು. ಕೆಲವರು ಮನೆಗೆಲಸಕ್ಕೆ ಹಂಚಿಹೋದರು, ಕೆಲವರು ಮಿಶನರಿಗಳ ಕೈಸೇರಿದರು.

ಚರ್ಚ್ ಮಿಶನರಿ ಸೊಸೈಟಿ ನಾಸಿಕ್‌ನ ಬಳಿ ಶರಣಪುರವೆಂಬ ಊರನ್ನೇ ಕಟ್ಟಿತು. ಅಲ್ಲಿ ಆಫ್ರಿಕನ್ ಮಕ್ಕಳ ಆಶ್ರಯಧಾಮ, ಶಾಲೆ, ಕಮ್ಮಾರಸಾಲೆ, ಬಡಗಿಯ ಕೊಟ್ಟಿಗೆ. ಬೆಳಿಗ್ಗೆ ಅಕ್ಷರ, ಆಮೇಲೆ ಕೈಕೆಲಸ, ಸಂಜೆ ಪ್ರಾರ್ಥನೆ. ಇಂಗ್ಲಿಷಿನ ಜೊತೆಗೆ ನೆಲದ ಭಾಷೆಯೂ ನಾಲಿಗೆಗೆ ಬಂತು. ಇಂದಿನ ನಾಸಿಕ್‌ನಲ್ಲಿ ಶರಣಪುರ ರಸ್ತೆಯೆಂದರೆ ಅಂಗಡಿ, ಬ್ಯಾಂಕು, ಆಸ್ಪತ್ರೆಗಳ ಸಾಲು.

ಹುಡುಗರಿಗೆ ಕೊಟ್ಟ ಹೆಸರುಗಳನ್ನು ನೋಡಿ: ಸೈಮನ್ ಪ್ರೈಸ್, ರಿಚರ್ಡ್ ಐಸೆನ್‌ಬರ್ಗ್, ಎಡ್ವರ್ಡ್ ಗಾರ್ಡ್‌ನರ್, ಜೇಮ್ಸ್ ರಟನ್. ಪ್ರೈಸ್, ಐಸೆನ್‌ಬರ್ಗ್ ಎಂಬುವರು ಆ ಮಿಶನ್ನಿನ ಪಾದ್ರಿಗಳು. ಹಾಜರಿ ಪುಸ್ತಕದಲ್ಲಿ ಕರೆಯುವ ಹೆಸರು ಮೇಷ್ಟ್ರದ್ದೇ. ತಾಯಿ ಇಟ್ಟ ಹೆಸರು ಕೇಳಿದವರು ಎಷ್ಟು ಜನವೋ. ಚುಮಾನಿಗೂ 1865ರಲ್ಲಿ ದೀಕ್ಷಾಸ್ನಾನವಾಗಿ ಜೇಮ್ಸ್ ಎಂಬ ಹೆಸರು ಸೇರಿಕೊಂಡಿತು.

ಥಾಣೆಗೆ 1853ರಲ್ಲಿ, ಕಲ್ಯಾಣಕ್ಕೆ 1854ರಲ್ಲಿ ಬಂದಿದ್ದ ರೈಲು, ಕಸಾರಾ ಘಾಟಿಯನ್ನು ಹತ್ತಿ ಇಗತ್‌ಪುರಿಯ ಕಡೆ ಓಡತೊಡಗಿದ್ದು 1865ರಲ್ಲಿ. ಅದೇ ವರ್ಷ ಲಿವಿಂಗ್‌ಸ್ಟನ್ ಮತ್ತೆ ಮುಂಬಯಿಗೆ ಬಂದು ನಾಸಿಕ್‌ಗೆ ಹೋದ. ಆಫ್ರಿಕಾಕ್ಕೆ ಇನ್ನೊಂದು ಯಾತ್ರೆ ಹೊರಟಿದ್ದ, ಆಳು ಬೇಕಿತ್ತು. ಶರಣಪುರದಿಂದ ಒಂಬತ್ತು ಹುಡುಗರು ಸಿಕ್ಕರು. ವಿಲ್ಸನ್ ಶಾಲೆಯಿಂದ ಚುಮಾ, ವಿಕಟಾನಿಯೂ ಎದ್ದು ಹೊರಟರು. ಅವರ ಶಾಲೆ ಒಂದೂವರೆ ವರ್ಷಕ್ಕೆ ಮುಗಿಯಿತು.

ಬಲವಂತ ಮಾಡಿದರೆಂದು ಯಾರೂ ಬರೆದಿಲ್ಲ. ಆದರೆ ಯಜಮಾನ ಬಂದು ‘ಬರ್ತೀರಾ’ ಎಂದಾಗ, ಅವನ ಅನ್ನ ತಿಂದ ಹದಿನೈದರ ಹುಡುಗ ‘ಪರೀಕ್ಷೆ ಇದೆ, ಬರೋದಿಲ್ಲ’ ಎನ್ನುವುದುಂಟೇ?

ಚೌಕಟ್ಟು: ಶಾಲೆಗೆ ಹಾಕಿದ ಒಡೆಯ
ಇಥಿಯೋಪಿಯಾದಲ್ಲಿ ಹುಟ್ಟಿ, ಎಳವೆಯಲ್ಲೇ ಗುಲಾಮನಾಗಿ ಕೈಯಿಂದ ಕೈಗೆ ಮಾರಾಟವಾದ ಒಬ್ಬ ಹುಡುಗನನ್ನು ಬಾಗ್ದಾದಿನ ವ್ಯಾಪಾರಿ ಮೀರ್ ಕಾಸಿಮ್ ಓದಿಸಿದ, ಲೆಕ್ಕಪತ್ರ ಕಲಿಸಿದ. ಆ ಹುಡುಗನೇ ಮುಂದೆ ಅಹಮದ್‌ನಗರದ ನಿಜಾಮಶಾಹಿಯನ್ನು ಎತ್ತಿ ನಿಲ್ಲಿಸಿ, ಮೊಗಲರನ್ನು ವರ್ಷಗಟ್ಟಲೆ ತಡೆದ ಮಲಿಕ್ ಅಂಬರ್. ತೀರಿಕೊಂಡದ್ದು 1626ರಲ್ಲಿ. ಭೂಕಂದಾಯದ ಪದ್ಧತಿ, ಮುಂದೆ ಔರಂಗಾಬಾದ್ ಆಗಿ ಬೆಳೆದ ಖಡಕಿ ಪಟ್ಟಣ, ಅದರ ನೀರಿನ ಕಾಲುವೆ ಎಲ್ಲ ಅವನವು. ಆ ಕಾಲಕ್ಕೆ ಕಲ್ಯಾಣವೂ ನಿಜಾಮಶಾಹಿಯ ನೆಲ. ಇತ್ತ ವಿಜಾಪುರದ ಆದಿಲ್‌ಶಾಹಿಯಲ್ಲೂ ಇಖ್ಲಾಸ್ ಖಾನನಂಥ ಆಫ್ರಿಕನ್ ಮಂತ್ರಿಗಳಿದ್ದರು.

ಮರದ ಮೇಲಿನ ಅಕ್ಷರ

ಕಾಡಿಗೆ ಹೋದ ಮೇಲೆ ನಾಸಿಕ್ ಹುಡುಗರಿಗೆ ಲಿವಿಂಗ್‌ಸ್ಟನ್‌ನಿಂದ ಸಿಕ್ಕಿದ್ದು ಬೈಗುಳ. ಸೋಮಾರಿಗಳು, ಹೊರೆ ಹೊರಲಾರದವರು ಎಂದು ದಿನಚರಿಯಲ್ಲಿ ಮತ್ತೆ ಮತ್ತೆ ಬರೆದುಕೊಂಡಿದ್ದಾನೆ. ಹಲವರು ಬಿಟ್ಟು ಹೋದರು. ವಿಕಟಾನಿ ನ್ಯಾಸಾ ಸರೋವರದ ಹತ್ತಿರ ತನ್ನ ಬಂಧುಗಳು ಸಿಕ್ಕರೆಂದು ಅಲ್ಲೇ ಉಳಿದ. ಐಸೆನ್‌ಬರ್ಗ್ ಹೆಸರಿನ ಹುಡುಗ ದಾರಿಯಲ್ಲೇ ಸತ್ತ.

ಓದು, ಬಡಗಿತನ, ಕಮ್ಮಾರಿಕೆ ಕಲಿತವರನ್ನು ಮೂಟೆ ಹೊರಿಸಲು ಒಯ್ದು, ಮೂಟೆ ಸರಿಯಾಗಿ ಹೊರಲಿಲ್ಲವೆಂದು ಅಂಕ ಕಳೆದರೆ ಏನೆನ್ನಬೇಕು? ಕಪ್ಪು ಹುಡುಗರ ಶಾಲೆಯ ಕಥೆಯ ಗಂಟು ಇಲ್ಲೇ ಬಿದ್ದಿದೆ ಎಂದು ನನಗನಿಸುತ್ತದೆ. ಕಲಿಸುವುದು ಒಂದು, ಅವರಿಂದ ಕೇಳುವುದು ಇನ್ನೊಂದು. ಪಾಠ ಪುಸ್ತಕದ್ದಿದ್ದರೂ ಪರೀಕ್ಷೆ ಮೈಯದ್ದು.

1872ರಲ್ಲಿ ನಾಸಿಕ್‌ನ ಇನ್ನಷ್ಟು ಹುಡುಗರು ಹೋಗಿ ಸೇರಿಕೊಂಡರು. ಅವರಲ್ಲೊಬ್ಬ ಜೇಕಬ್ ವೇನ್‌ರೈಟ್. 1873ರ ಮೇ 1ರಂದು ಇಂದಿನ ಜಾಂಬಿಯಾದ ಚಿತಾಂಬೊ ಎಂಬ ಹಳ್ಳಿಯಲ್ಲಿ ಲಿವಿಂಗ್‌ಸ್ಟನ್ ಸತ್ತ. ಆಳುಗಳೆಲ್ಲ ಸೇರಿ ಒಂದು ತೀರ್ಮಾನಕ್ಕೆ ಬಂದರು: ಹೃದಯವನ್ನು ಇಲ್ಲೇ ಹೂಳೋಣ, ದೇಹವನ್ನು ಕಡಲಿಗೆ ಮುಟ್ಟಿಸೋಣ. ಚುಮಾ ಮತ್ತು ಸೂಸಿ ಮುಂದಾಳುಗಳು. ಈ ಸೂಸಿಯೂ ‘ಲೇಡಿ ನ್ಯಾಸಾ’ದಲ್ಲಿ ಮುಂಬಯಿಗೆ ಬಂದು ಇಲ್ಲಿನ ಧಕ್ಕೆಯಲ್ಲಿ ದುಡಿದವನೇ.

ಹೂಳುವ ಹೊತ್ತಿನಲ್ಲಿ ಪ್ರಾರ್ಥನಾ ಪುಸ್ತಕ ಹಿಡಿದು ಓದಿದವನು ವೇನ್‌ರೈಟ್. ಮರದ ತೊಗಟೆ ಕೆತ್ತಿ ಹೆಸರು, ದಿನಾಂಕ ಬರೆದವನೂ ಅವನೇ. ಅಲ್ಲಿಂದ ಸಾವಿರ ಮೈಲಿಗೂ ಮಿಕ್ಕಿದ ದಾರಿ, ಜ್ವರ, ಹಸಿವು, ಜಗಳ. 1874ರ ಫೆಬ್ರವರಿಯಲ್ಲಿ ದೇಹ ಬಾಗಮೊಯೊ ಬಂದರು ಮುಟ್ಟಿತು.

1874ರ ಏಪ್ರಿಲ್ 18ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಆ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಒಬ್ಬನೇ ಒಬ್ಬ ಕಪ್ಪು ಮನುಷ್ಯ, ನಾಸಿಕ್‌ನ ವಿದ್ಯಾರ್ಥಿ ವೇನ್‌ರೈಟ್. ಚುಮಾ, ಸೂಸಿಯರನ್ನು ಅಂದು ಯಾರೂ ಕರೆಸಿರಲಿಲ್ಲ. ಆಮೇಲೆ ಬಂದು, ಯಜಮಾನನ ದಿನಚರಿಯನ್ನು ಪುಸ್ತಕ ಮಾಡುವುದಕ್ಕೆ ನೆನಪಿನಿಂದ ನೆರವಾದರು.

ವೇನ್‌ರೈಟ್ ತಾನೂ ದಿನಚರಿ ಬರೆದಿದ್ದ, ಇಂಗ್ಲಿಷಿನಲ್ಲಿ. ಆ ಹಸ್ತಪ್ರತಿ ಸ್ಕಾಟ್ಲೆಂಡಿನಲ್ಲಿ, ಲಿವಿಂಗ್‌ಸ್ಟನ್ ಹುಟ್ಟಿದ ಮನೆಯ ಮ್ಯೂಸಿಯಮ್ಮಿನಲ್ಲಿ ಉಳಿದುಕೊಂಡಿದೆ. ಕಣ್ಣಾರೆ ಕಂಡ ಆಫ್ರಿಕನ್ನನೊಬ್ಬ ತನ್ನ ಕೈಯಿಂದಲೇ ಬರೆದಿಟ್ಟ ಕಥನ. ಹೊರೆಯಾಳು ಎಂದು ಲೆಕ್ಕಕ್ಕೆ ಹಿಡಿದವನು ಬಿಟ್ಟುಹೋದದ್ದು ಬರಹವನ್ನು. ಆ ಅಕ್ಷರ ತಿದ್ದಿದ್ದು ಗೋದಾವರಿ ತೀರದಲ್ಲಿ.

ಚೌಕಟ್ಟು: ಅದೇ 1873
ಚಿತಾಂಬೊದಲ್ಲಿ ವೇನ್‌ರೈಟ್ ಮರ ಕೆತ್ತಿದ ವರ್ಷವೇ ಪುಣೆಯಲ್ಲಿ ಜೋತಿರಾವ್ ಫುಲೆಯವರ ‘ಗುಲಾಮಗಿರಿ’ ಹೊರಬಂತು. ಶೂದ್ರಾತಿಶೂದ್ರರ ಪಾಡನ್ನು ಕುರಿತ ಆ ಮರಾಠಿ ಪುಸ್ತಕವನ್ನು ಫುಲೆ ಅರ್ಪಿಸಿದ್ದು, ನೀಗ್ರೋ ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಸಜ್ಜನರಿಗೆ. ಹೆಣ್ಣುಮಕ್ಕಳಿಗೂ ಅಸ್ಪೃಶ್ಯರ ಮಕ್ಕಳಿಗೂ ಶಾಲೆ ತೆರೆದವರು ಅವರು. ಪುಣೆಗೂ ಶರಣಪುರಕ್ಕೂ ನಡುವೆ ಇನ್ನೂರು ಕಿಲೋಮೀಟರು ಚಿಲ್ಲರೆ.

1870ರ ದಶಕದ ನಡುವಿನಲ್ಲಿ ಶರಣಪುರದ ಆಫ್ರಿಕನ್ ಶಾಲೆ ಮುಚ್ಚಿತು. ಮೊಂಬಾಸಾದ ಬಳಿ, ಮುಂಬಯಿಯ ಗವರ್ನರ್ ಆಗಿದ್ದ ಬಾರ್ಟಲ್ ಫ್ರಿಯರನ ಹೆಸರಿನಲ್ಲಿ ಫ್ರಿಯರ್‌ಟೌನ್ ಎಂಬ ವಸಾಹತು 1875ರಲ್ಲಿ ಎದ್ದಿತು. ನಾಸಿಕ್‌ನವರು ಅಲ್ಲಿ ಮೇಷ್ಟ್ರು, ಉಪದೇಶಿ, ದುಭಾಷಿಗಳಾದರು. ಕೆನ್ಯಾದ ಇತಿಹಾಸದಲ್ಲಿ ಅವರಿಗೆ ‘ಬಾಂಬೆ ಆಫ್ರಿಕನ್ಸ್’ ಎಂದೇ ಹೆಸರು. ಬಿಳಿಯ ಪಾದ್ರಿಗಳಷ್ಟೇ ದುಡಿದರೂ ಸಂಬಳ, ಸ್ಥಾನ ಕಡಿಮೆ ಎಂದು ಅಲ್ಲೂ ಅವರ ಜಗಳ ನಡೆದೇ ಇತ್ತು. ಅವರಲ್ಲೊಬ್ಬ, ಮ್ಯಾಥ್ಯೂ ವೆಲಿಂಗ್ಟನ್, 1935ರವರೆಗೆ ಬದುಕಿದ್ದ.

ಮೇಷ್ಟ್ರ ಕಣ್ಣು

ಇದು ಹಳೆಯ ಕಥೆ, ವಸಾಹತುಶಾಹಿಯ ಕಥೆ ಎಂದು ತಳ್ಳಿಹಾಕುವವರು ಅಮೆರಿಕದ ಇತ್ತೀಚಿನ ಲೆಕ್ಕವೊಂದನ್ನು ನೋಡಬೇಕು. ಅಲ್ಲಿನ ಶಿಕ್ಷಣ ಇಲಾಖೆ 2013–14ರ ಸಾಲಿಗೆ ಕೊಟ್ಟ ಅಂಕಿ: ಶಿಶುವಿಹಾರದ ಮಕ್ಕಳಲ್ಲಿ ಕಪ್ಪು ಮಕ್ಕಳು ಶೇ. 19. ಶಿಕ್ಷೆಯೆಂದು ಮನೆಗೆ ಕಳಿಸಿದ ಮಕ್ಕಳಲ್ಲಿ ಶೇ. 47. ನಾಲ್ಕು ವರ್ಷದ ಕೂಸನ್ನು ಶಾಲೆಯಿಂದ ಅಮಾನತು ಮಾಡುವುದೇ ನಮಗೆ ಅರ್ಥವಾಗದ ಸಂಗತಿ. ಅದರಲ್ಲೂ ಬಣ್ಣದ ಪಾಲು.

ಯೇಲ್ ವಿಶ್ವವಿದ್ಯಾಲಯದ ವಾಲ್ಟರ್ ಗಿಲಿಯಮ್ ತಂಡ 2016ರಲ್ಲಿ ಒಂದು ಪ್ರಯೋಗ ಪ್ರಕಟಿಸಿತು. ನೂರಕ್ಕೂ ಹೆಚ್ಚು ಶಿಶುವಿಹಾರದ ಶಿಕ್ಷಕರಿಗೆ ವಿಡಿಯೋ ತೋರಿಸಿ, ‘ತುಂಟತನ ಶುರುವಾಗುವುದನ್ನು ಗಮನಿಸಿ’ ಎಂದರು. ತೆರೆಯ ಮೇಲೆ ನಾಲ್ಕು ಮಕ್ಕಳು, ಕಪ್ಪು ಹುಡುಗ, ಕಪ್ಪು ಹುಡುಗಿ, ಬಿಳಿ ಹುಡುಗ, ಬಿಳಿ ಹುಡುಗಿ. ವಿಡಿಯೋದಲ್ಲಿ ತುಂಟತನವೇ ಇರಲಿಲ್ಲ. ಶಿಕ್ಷಕರ ಕಣ್ಣಿನ ಚಲನೆಯನ್ನು ಯಂತ್ರ ಅಳೆಯುತ್ತಿತ್ತು. ಕಣ್ಣುಗಳು ಹೆಚ್ಚು ಹೊತ್ತು ನಿಂತದ್ದು ಕಪ್ಪು ಹುಡುಗನ ಮೇಲೆ. ಯಾರ ಮೇಲೆ ಹೆಚ್ಚು ನಿಗಾ ಬೇಕೆನಿಸಿತು ಎಂದು ಕೇಳಿದಾಗ ಶೇ. 42 ಮಂದಿ ಅವನನ್ನೇ ತೋರಿಸಿದರು. ನೋಡಿದವರಲ್ಲಿ ಕಪ್ಪು ಶಿಕ್ಷಕರೂ ಇದ್ದರು.

ಬ್ರಿಟನ್ನಿನಲ್ಲಿ 1971ರಲ್ಲೇ ಬರ್ನಾರ್ಡ್ ಕೋರ್ಡ್ ಎಂಬ ಗ್ರೆನೆಡಾದ ಶಿಕ್ಷಕ ಒಂದು ಕಿರುಪುಸ್ತಕ ಬರೆದ. ಕೆರಿಬಿಯನ್ ಮೂಲದ ಮಕ್ಕಳ ಮಾತಿನ ಧಾಟಿ ಅರ್ಥವಾಗದೆ, ಅವರನ್ನು ಮಂದಬುದ್ಧಿಯವರೆಂದು ಬೇರೆ ಶಾಲೆಗಳಿಗೆ ತುಂಬುತ್ತಿದ್ದಾರೆ ಎಂಬುದು ಅದರ ಆರೋಪ. ಲಂಡನ್ನಿನ ಕಪ್ಪು ತಂದೆತಾಯಂದಿರು ಶನಿವಾರದ ಶಾಲೆಗಳನ್ನು ತಾವೇ ನಡೆಸತೊಡಗಿದರು.

ಇದನ್ನು ಓದುವಾಗ ಮುಂಬಯಿ ಕನ್ನಡಿಗನಿಗೆ ತನ್ನ ಹಿಂದಿನ ತಲೆಮಾರು ನೆನಪಾಗದೆ ಇರದು. ಊರಿಂದ ಹೋಟೆಲಿಗೆ ಬಂದ ಮಾಣಿಗಳಿಗೆ ಅಕ್ಷರ ಕಲಿಸಲು ಮೊಗವೀರ ಮಂಡಳಿ, ಬಿಲ್ಲವರ ಅಸೋಸಿಯೇಶನ್ ಮೊದಲಾದವು ರಾತ್ರಿ ಶಾಲೆ ತೆರೆದದ್ದು ಇದೇ ಛಲದಿಂದ. ಟೇಬಲ್ ಒರೆಸುವ ಹುಡುಗನಿಗೆ ಓದು ಯಾಕೆ ಎಂದವರು ಆಗಲೂ ಇದ್ದರು. ಓದಿದ ಮಾಣಿ ಮುಂದೆ ವಕೀಲನಾದ, ಲೆಕ್ಕ ಪರಿಶೋಧಕನಾದ, ಕೆಲವರು ಅದೇ ಹೋಟೆಲಿನ ಮಾಲೀಕರಾದರು. ಆದರೆ ಒಂದು ವ್ಯತ್ಯಾಸ ಮರೆಯುವಂತಿಲ್ಲ. ಶರ್ಟು ಬದಲಿಸಿದ ಮಾಣಿ ಲೋಕಲ್ ಗಾಡಿಯ ಜನರಲ್ಲಿ ಒಬ್ಬನಾಗಿಬಿಡುತ್ತಾನೆ. ಸಿದ್ದಿ ಹುಡುಗನಿಗೆ ಆ ಅನುಕೂಲವಿಲ್ಲ.

ಘಟ್ಟದ ಮೇಲಿನ ಬೆಂಚು

ಉತ್ತರ ಕನ್ನಡದಿಂದ ಮುಂಬಯಿಗೆ ಬಂದವರ ಬಗ್ಗೆ ನಾವು ಹೆಮ್ಮೆಯಿಂದ ಮಾತಾಡುತ್ತೇವೆ. ಸಾಹಿತಿಗಳಾದ ಯಶವಂತ ಚಿತ್ತಾಲರು, ಜಯಂತ ಕಾಯ್ಕಿಣಿಯವರು ಆ ಜಿಲ್ಲೆಯವರೇ. ಅದೇ ಜಿಲ್ಲೆಯ ಘಟ್ಟದ ಮೇಲೆ, ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಕಾಡಂಚುಗಳಲ್ಲಿ ಇರುವ ಸಿದ್ದಿಗಳು ನಮ್ಮ ಸಂಘಸಂಸ್ಥೆಗಳ ಮಾತುಕತೆಯಲ್ಲಿ ಸುಳಿಯುವುದು ಯಾವಾಗ? ಅವರ ಡಮಾಮಿ ಕುಣಿತಕ್ಕೆ ಕಲಾತಂಡ ಬೇಕಾದಾಗ.

ಪೋರ್ಚುಗೀಸರು ಗೋವೆಗೆ ತಂದ ಆಫ್ರಿಕನ್ ಗುಲಾಮರಲ್ಲಿ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟ ಹತ್ತಿ ಕಾಡು ಸೇರಿದರು. ಅವರ ಮಕ್ಕಳು ಮೊಮ್ಮಕ್ಕಳೇ ಇಂದಿನ ಸಿದ್ದಿಗಳು. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಉಂಟು. ಮನೆಯಲ್ಲಿ ಬಹುಮಟ್ಟಿಗೆ ಕೊಂಕಣಿ, ಕೆಲವರಲ್ಲಿ ಉರ್ದು, ಮರಾಠಿ. ಟಿ.ಸಿ. ಪಾಲಾಕ್ಷಪ್ಪನವರು ಇವರ ಮೇಲೆ ಮಾಡಿದ ಅಧ್ಯಯನ 1976ರಲ್ಲಿ ಪುಸ್ತಕವಾಯಿತು. ಅದಕ್ಕಿಂತ ಮುಂಚೆ ಇವರ ಬಗ್ಗೆ ಗಂಭೀರವಾಗಿ ಬರೆದವರು ಕಡಿಮೆ.

ಸಿದ್ದಿ ಹುಡುಗನ ಶಾಲೆ ಶುರುವಾಗುವುದೇ ಎರಡು ತೊಡಕಿನಿಂದ. ಮನೆಯ ಮಾತು ಕೊಂಕಣಿ, ಮೇಷ್ಟ್ರ ಮಾತು ಕನ್ನಡ. ಮನೆಯಿಂದ ಶಾಲೆಗೆ ಕಾಡುದಾರಿ, ಮಳೆಗಾಲದಲ್ಲಿ ಹಳ್ಳ ತುಂಬಿದರೆ ಅಂದು ರಜೆ. ಅಪ್ಪ ತೋಟದ ಒಡೆಯರಲ್ಲಿ ಸಾಲದ ಮೇಲೆ ದುಡಿಯುವವನಾಗಿದ್ದರೆ, ಹುಡುಗ ಹತ್ತು ದಾಟುವಾಗಲೇ ದನ ಕಾಯುವ ಕೈ.

ಇವೆಲ್ಲ ಬಡತನದ ತೊಡಕುಗಳು, ಕುಣಬಿಯ ಮಗನಿಗೂ ಗೌಳಿಯ ಮಗನಿಗೂ ಇದ್ದವೇ. ಮೂರನೆಯದು ಇವನೊಬ್ಬನದೇ. ತಲೆಗೂದಲು ಮುಟ್ಟಿ ನೋಡುವ ಕೈ, ಅಡ್ಡಹೆಸರು, ಬಣ್ಣದ ತಮಾಷೆ. ಓದು ಬಿಟ್ಟದ್ದಕ್ಕೆ ದುಡ್ಡಿನಷ್ಟೇ ಇದೂ ಕಾರಣವೆಂದು ಓದಿ ಮುಂದೆ ಬಂದ ಸಿದ್ದಿಗಳು ಹೇಳಿಕೊಂಡಿದ್ದಾರೆ. ಊರು ಬಿಟ್ಟು ಪೇಟೆಗೆ ಬಂದರೆ ಇನ್ನೊಂದು ವೇಷ. ಬೆಂಗಳೂರಿನಲ್ಲಿ ಆಟೋದವರು ಇಂಗ್ಲಿಷಿನಲ್ಲಿ ಮಾತಾಡಿಸುತ್ತಾರೆ, ಪೊಲೀಸರು ಪಾಸ್‌ಪೋರ್ಟ್ ಕೇಳುತ್ತಾರೆ. ‘ಸರ್, ನಾನು ಯಲ್ಲಾಪುರದವನು’ ಎಂದು ಅಚ್ಚಗನ್ನಡದಲ್ಲಿ ಹೇಳಿದರೆ ಎದುರಿನವರು ನಗುತ್ತಾರೆ.

ಮಹಾರಾಷ್ಟ್ರದ ಮಕ್ಕಳಿಗಾದರೂ ಸಿದ್ದಿಯ ಪರಿಚಯ ಆಗುವುದು ನಾಲ್ಕನೇ ಇಯತ್ತೆಯಲ್ಲಿ, ಶಿವಾಜಿ ಮಹಾರಾಜರ ಪಾಠದಲ್ಲಿ. 1660ರಲ್ಲಿ ಪನ್ಹಾಳಕ್ಕೆ ಮುತ್ತಿಗೆ ಹಾಕಿದ ಸಿದ್ದಿ ಜೌಹರ್, ಮಣಿಯದ ಜಂಜೀರೆಯ ಸಿದ್ದಿ. ಅದೇ ಪನ್ಹಾಳದ ಹೋರಾಟದಲ್ಲಿ ಶಿವಾಜಿಯ ಪರ ಕಾದಿದ ಸಿದ್ದಿ ಹಿಲಾಲ್‌ನ ಹೆಸರು ಎಷ್ಟು ಮಕ್ಕಳ ಬಾಯಲ್ಲಿದೆಯೋ ಕೇಳಿ ನೋಡಿ.

ಓಡು ಮಗನೇ, ಓಡು

1987ರಲ್ಲಿ ಘಟ್ಟದ ಮೇಲೆ ಜೀಪುಗಳು ಬಂದವು. ಭಾರತೀಯ ಕ್ರೀಡಾ ಪ್ರಾಧಿಕಾರದ ವಿಶೇಷ ಪ್ರದೇಶ ಕ್ರೀಡಾ ಯೋಜನೆ. ಆಗ ಮಾರ್ಗರೆಟ್ ಆಳ್ವ ಕೇಂದ್ರದ ಕ್ರೀಡಾ ಸಚಿವೆ. ಆಫ್ರಿಕನ್ ಮೂಲದವರು ಒಲಿಂಪಿಕ್ಸಿನಲ್ಲಿ ಪದಕ ಬಾಚುತ್ತಾರೆ, ನಮ್ಮಲ್ಲೂ ಆಫ್ರಿಕನ್ ಮೂಲದವರಿದ್ದಾರೆ, ಅಂದಮೇಲೆ ತರಬೇತಿ ಕೊಟ್ಟರೆ ಆಯಿತಲ್ಲ? ಲೆಕ್ಕ ಇಷ್ಟು ಸರಳ.

ಹಳ್ಳಿಹಳ್ಳಿಯಲ್ಲಿ ಮಕ್ಕಳನ್ನು ಓಡಿಸಿ, ಜಿಗಿಸಿ, ಎತ್ತರ ಅಳೆದು ಆರಿಸಿದರು. ಹಾಸ್ಟೆಲು, ಶೂ, ಮೊಟ್ಟೆ, ಹಾಲು, ಪೇಟೆಯ ಶಾಲೆ. ದಿನವಿಡೀ ದನದ ಹಿಂದೆ ಬರಿಗಾಲಲ್ಲಿ ತಿರುಗಿದ ಹುಡುಗನಿಗೆ ಇದು ಕನಸಿನಂಥದ್ದೇ. ಫಲವೂ ಬಂತು. ಹರ್ಡಲ್ಸಿನಲ್ಲಿ ಕಮಲಾ ಸಿದ್ದಿ, ಓಟದಲ್ಲಿ ಜೂಜೆ ಜಾಕಿ ಹರ್ನೋಡ್ಕರ್ ರಾಷ್ಟ್ರಮಟ್ಟದಲ್ಲಿ ಹೆಸರು ಮಾಡಿದರು.

1993ರ ಹೊತ್ತಿಗೆ ಸಿದ್ದಿಗಳ ಆ ತರಬೇತಿ ನಿಂತಿತು. ಐದಾರು ವರ್ಷದಲ್ಲಿ ಒಲಿಂಪಿಕ್ ಪದಕ ಹಣ್ಣಾಗುವುದಿಲ್ಲವೆಂದು ಆ ಲೆಕ್ಕ ಹಾಕಿದವರಿಗೆ ಯಾರು ಹೇಳಬೇಕಿತ್ತೋ. ಕೆಲವರಿಗೆ ಕ್ರೀಡಾ ಕೋಟಾದಲ್ಲಿ ಸರ್ಕಾರಿ ನೌಕರಿ ಸಿಕ್ಕಿತು. ಉಳಿದವರು ಊರಿಗೆ, ಕೂಲಿಗೆ.

ಇಲ್ಲಿ ನನ್ನ ಮಾತು ಸ್ವಲ್ಪ ಕಟುವಾದರೂ ಹೇಳುತ್ತೇನೆ. ಯೋಜನೆ ಕೆಟ್ಟದ್ದಾಗಿರಲಿಲ್ಲ. ಅದುವರೆಗೆ ಯಾವ ಸರ್ಕಾರವೂ ಆ ಕಾಡಿನ ಮಕ್ಕಳನ್ನು ಹುಡುಕಿಕೊಂಡು ಹೋಗಿರಲಿಲ್ಲ. ಆದರೆ ಹುಡುಕಿಕೊಂಡು ಹೋದದ್ದು ಕಾಲುಗಳನ್ನು. ಓಟ ನಿಂತ ದಿನ ಶಾಲೆಯೂ ನಿಲ್ಲುವುದಾದರೆ, ಆ ಶಾಲೆ ಯಾರದ್ದು? ಚುಮಾನನ್ನು ಬೆಂಚಿನಿಂದ ಎಬ್ಬಿಸಿ ಮೂಟೆಗೆ ಹಚ್ಚಿದವರಿಗೂ ಇವರಿಗೂ ಈ ಒಂದು ವಿಷಯದಲ್ಲಿ ಹೆಚ್ಚು ದೂರವಿಲ್ಲ.

ಈಚಿನ ವರ್ಷಗಳಲ್ಲಿ ಮುಂಡಗೋಡದಲ್ಲಿ ‘ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್’ ಎಂಬ ಸಂಸ್ಥೆ ಸಿದ್ದಿ, ಗೌಳಿ ಮಕ್ಕಳಿಗೆ ಮತ್ತೆ ಅಥ್ಲೆಟಿಕ್ಸ್ ಕಲಿಸುತ್ತಿದೆ. ಜೆಸ್ವಿಟರ ಲೊಯೋಲಾ ವಿಕಾಸ ಕೇಂದ್ರ ಅದೇ ತಾಲ್ಲೂಕಿನಲ್ಲಿ ಬಹಳ ಕಾಲದಿಂದ ಓದಿನ ಕೆಲಸ ಹಿಡಿದಿದೆ. ಎರಡೂ ಒಂದೇ ಹುಡುಗನಿಗೆ ಒಟ್ಟಿಗೆ ಸಿಕ್ಕರೆ ಕಥೆ ಬೇರೆಯಾದೀತು.

ಚೌಕಟ್ಟು: ಕಾಡಿನಲ್ಲಿ ಅಚಿಬೆ
1980ರ ದಶಕದಲ್ಲಿ ನೀನಾಸಂ ನಾಟಕ ಸಂಸ್ಥೆಯ ಚಿದಂಬರರಾವ್ ಜಂಬೆ ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯಲ್ಲಿ ಸಿದ್ದಿಗಳನ್ನೇ ಕಟ್ಟಿಕೊಂಡು ಒಂದು ನಾಟಕ ಆಡಿಸಿದರು. ನೈಜೀರಿಯಾದ ಚಿನುವಾ ಅಚಿಬೆಯ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿಯ ರಂಗರೂಪ. ಆ ಕಾದಂಬರಿಯಲ್ಲೂ ಒಬ್ಬ ಹುಡುಗನಿದ್ದಾನೆ: ಅಪ್ಪನ ಮನೆ ಬಿಟ್ಟು ಮಿಶನ್ ಶಾಲೆಗೆ ಹೋಗಿ, ನ್ವೊಯೆ ಎಂಬ ಹೆಸರು ಕಳೆದು ಐಸಾಕ್ ಆಗುವವನು. ಮಂಚಿಕೇರಿಯ ಸೀಮೆಯಿಂದ ಮುಂದೆ ರಂಗಭೂಮಿಗೆ ಸಿದ್ದಿಗಳ ಸಾಲೇ ಬಂತು. ರಾಷ್ಟ್ರೀಯ ನಾಟಕ ಶಾಲೆ ಮುಟ್ಟಿದ ಪರಶುರಾಮ ಸಿದ್ದಿ, ನೀನಾಸಂನಲ್ಲಿ ಕಲಿತು ‘ಪರಮಾತ್ಮ’ದಂಥ ಸಿನಿಮಾಗಳಿಂದ ಮನೆಮಾತಾದ ಪ್ರಶಾಂತ್ ಸಿದ್ದಿ.

ನಾಟಕದ ಶಾಲೆ ಇವರ ಮೈಯನ್ನು ನೋಡಲಿಲ್ಲವೇ ಎಂದು ಕೇಳಬಹುದು. ನೋಡಿತು. ಆದರೆ ಅಲ್ಲಿ ಮಾತನ್ನೂ ಬಾಯಿಪಾಠ ಮಾಡಬೇಕು, ಪಾತ್ರದ ಬಗ್ಗೆ ವಾದ ಮಾಡಬೇಕು, ಕಂಬಾರರನ್ನೂ ಶೇಕ್ಸ್‌ಪಿಯರನನ್ನೂ ಓದಬೇಕು. ಕುಣಿತದಿಂದ ಶುರುವಾದದ್ದು ಕುಣಿತದಲ್ಲೇ ಮುಗಿಯಲಿಲ್ಲ.

ನೆರೂಳಿನ ಚಪ್ಪಾಳೆ, ಕಚೇರಿಯ ಕಾಗದ

2017ರ ಅಕ್ಟೋಬರ್ 18, ದೀಪಾವಳಿಯ ದಿನಗಳು. ನೆರೂಳಿನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಹದಿನೇಳರೊಳಗಿನವರ ಫುಟ್‌ಬಾಲ್ ವಿಶ್ವಕಪ್ಪಿನ ನಾಕೌಟ್ ಪಂದ್ಯ. ಒಂದು ಕಡೆ ಘಾನಾ, ಇನ್ನೊಂದು ಕಡೆ ನೈಜರ್. ಅಂಗಳದ ತುಂಬ ಶಾಲೆಯ ವಯಸ್ಸಿನ ಆಫ್ರಿಕನ್ ಹುಡುಗರು, ಗ್ಯಾಲರಿಯಲ್ಲಿ ನವಿ ಮುಂಬಯಿ, ಥಾಣೆಯ ಜನ. ಘಾನಾ 2–0ಯಿಂದ ಗೆದ್ದಿತು. ಚಪ್ಪಾಳೆಗೆ ಬರವಿರಲಿಲ್ಲ.

ಅದೇ ವರ್ಷದ ಮಾರ್ಚ್‌ನಲ್ಲಿ ಗ್ರೇಟರ್ ನೋಯ್ಡಾದಲ್ಲಿ ಸ್ಥಳೀಯ ಹುಡುಗನೊಬ್ಬನ ಸಾವಿನ ನೆಪದಲ್ಲಿ ನೈಜೀರಿಯಾದ ವಿದ್ಯಾರ್ಥಿಗಳನ್ನು ಮಾಲ್‌ನೊಳಗೇ ಅಟ್ಟಾಡಿಸಿ ಹೊಡೆದಿದ್ದರು. ಅದಕ್ಕೂ ಒಂದು ವರ್ಷ ಮೊದಲು, 2016ರ ಜನವರಿಯಲ್ಲಿ, ಬೆಂಗಳೂರಿನಲ್ಲಿ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಬಿದ್ದಿತ್ತು. ಗೋಲು ಹೊಡೆಯುವ ಕಾಲಿಗೆ ಚಪ್ಪಾಳೆ, ತರಗತಿಗೆ ನಡೆದು ಹೋಗುವ ಕಾಲಿಗೆ ದೊಣ್ಣೆ.

ಸಿದ್ದಿಗಳ ವಿಷಯದಲ್ಲಿ ಕಾಗದದ ಮೇಲೆ ಒಳ್ಳೆಯದು ಆಗಿದೆ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳಿಗೆ ಆ ಮಾನ್ಯತೆ ಬರಲು 2020 ಆಗಬೇಕಾಯಿತು. ಕಾಡಿನ ಗೆರೆ ದಾಟಿ ಕಲಘಟಗಿಯ ಕಡೆ ಹುಟ್ಟಿದ ಹುಡುಗ, ಹದಿನೇಳು ವರ್ಷ, ತನ್ನ ಚಿಕ್ಕಪ್ಪನ ಮಗನಿಗೆ ಸಿಕ್ಕ ವಿದ್ಯಾರ್ಥಿವೇತನವನ್ನು ನೋಡುತ್ತ ಕೂತ. ಅದೇ 2020ರ ಜುಲೈಯಲ್ಲಿ ಶಾಂತಾರಾಮ ಬುಡ್ನ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಶಾಸನಸಭೆಯ ಮೆಟ್ಟಿಲೇರಿದ ಮೊದಲ ಸಿದ್ದಿ, ಸಮುದಾಯದ ಮೊದಲ ಪದವೀಧರರೆಂದೂ ಹೆಸರಾದವರು. ವನವಾಸಿ ಕಲ್ಯಾಣ ಸಂಸ್ಥೆಯಲ್ಲಿ ಬುಡಕಟ್ಟು ಮಕ್ಕಳ ಓದಿಗಾಗಿ ದುಡಿದ ಅನುಭವ ಅವರದು.

ಆದರೆ ಪ್ರಮಾಣಪತ್ರಕ್ಕೂ ಒಂದು ಗಡಿಯಿದೆ. ಪರಿಶಿಷ್ಟ ಪಂಗಡದ ಪಟ್ಟಿ ರಾಜ್ಯರಾಜ್ಯಕ್ಕೆ ಬೇರೆ. ಕರ್ನಾಟಕ, ಗೋವಾ, ಗುಜರಾತಿನ ಪಟ್ಟಿಗಳಲ್ಲಿ ಸಿದ್ದಿಯ ಹೆಸರಿದೆ, ಮಹಾರಾಷ್ಟ್ರದ ಪಟ್ಟಿಯಲ್ಲಿಲ್ಲ. ವಲಸೆ ಹೋದವನು ತನ್ನ ಮೂಲ ರಾಜ್ಯದ ಮೀಸಲಾತಿಯನ್ನು ಹೊಸ ರಾಜ್ಯದಲ್ಲಿ ಕೇಳುವಂತಿಲ್ಲವೆಂದು ಸುಪ್ರೀಂ ಕೋರ್ಟು 1990ರಲ್ಲೇ, ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಹೇಳಿಬಿಟ್ಟಿದೆ.

ಹಾಗಾದರೆ ಹಳಿಯಾಳದ ಸಿದ್ದಿ ಕುಟುಂಬವೊಂದು ಕೆಲಸ ಹುಡುಕಿಕೊಂಡು ಐರೋಲಿಗೋ ಕಲ್ಯಾಣಕ್ಕೋ ಬಂದು ನೆಲೆಸಿತು ಎನ್ನಿ. ಮಗ ಇಲ್ಲೇ ಹತ್ತನೇ ಇಯತ್ತೆ ಮುಗಿಸಿ ಜೂನಿಯರ್ ಕಾಲೇಜಿನ ಆನ್‌ಲೈನ್ ಅರ್ಜಿ ತುಂಬಲು ಕೂರುತ್ತಾನೆ. ಮಹಾರಾಷ್ಟ್ರದಲ್ಲಿ ಪರಿಶಿಷ್ಟ ಪಂಗಡಕ್ಕೆ ಶೇ. 7 ಸೀಟು. ಹಳಿಯಾಳದ ತಹಶೀಲ್ದಾರರ ಸಹಿಯ ಕಾಗದ ಅಲ್ಲಿ ನಡೆಯುವುದಿಲ್ಲ, ಅವನು ‘ಓಪನ್’. ಎರಡು ವರ್ಷ ಬಿಟ್ಟು ಐಐಟಿಗೋ ಇನ್ನೊಂದು ಕೇಂದ್ರ ಸಂಸ್ಥೆಗೋ ಅರ್ಜಿ ಹಾಕಿದರೆ ಅದೇ ಕಾಗದ ನಡೆಯುತ್ತದೆ. ಅಲ್ಲಿಯವರೆಗೆ ಓದು ಬಿಡದೆ ಉಳಿದಿದ್ದರೆ.

ಡೊಂಬಿವಲಿ, ಥಾಣೆ, ನವಿ ಮುಂಬಯಿಯ ಕನ್ನಡ ಸಂಘಗಳು ವರ್ಷಾವರ್ಷ ಪ್ರತಿಭಾ ಪುರಸ್ಕಾರ, ವಿದ್ಯಾರ್ಥಿವೇತನ ಹಂಚುತ್ತವೆ. ಅರ್ಜಿಗಳು ಹೊರಡುವುದೂ ಜೂನ್, ಜುಲೈಯಲ್ಲೇ. ಆ ನಮೂನೆಯಲ್ಲಿ ಊರು, ಜಿಲ್ಲೆ, ಅಂಕಪಟ್ಟಿ ಕೇಳುವ ಸಾಲುಗಳಿರುತ್ತವೆ. ಈ ಸಲ ಆ ಸಾಲಿನಲ್ಲಿ ಹಳಿಯಾಳ, ಮುಂಡಗೋಡ ಎಂದು ಬರೆದು ಬಂದವನನ್ನು ಕರೆಯುವಾಗ, ಸಮಾರಂಭದಲ್ಲಿ ಒಂದು ಡಮಾಮಿ ಮಾಡಿಸಬಹುದೇ ಎಂದು ಮಾತ್ರ ಕೇಳಬೇಡಿ.